ಜಪಾನ್ ಎಫ್4, 2018: ಗೆದ್ದವರು ಯಾರು, ಮೇಲೆ ಹೋದವರು ಯಾರು?

2018ರ ಜಪಾನ್ ಫಾರ್ಮುಲಾ 4 ಚಾಂಪಿಯನ್‌ಶಿಪ್ ಗೆದ್ದದ್ದು ಯುಕಿ ತ್ಸುನೋಡಾ ಎಂಬ 18 ವರ್ಷದ ಹುಡುಗ. ಅದಾಗಿ ಎರಡೂವರೆ ವರ್ಷ ತುಂಬುವ ಮೊದಲೇ, 2021ರ ಮಾರ್ಚ್‌ನಲ್ಲಿ, ಅವನು ಬಹರೈನ್‌ನಲ್ಲಿ ಫಾರ್ಮುಲಾ 1 ಕಾರಿನೊಳಗೆ ಕೂತಿದ್ದ. ಇದೇ ಚಾಂಪಿಯನ್‌ಶಿಪ್ಪನ್ನು ಅದಕ್ಕೂ ಮೊದಲು, 2016 ಮತ್ತು 2017ರಲ್ಲಿ, ಸತತ ಎರಡು ಬಾರಿ ಗೆದ್ದವನು ರಿಟೊಮೊ ಮಿಯಾಟಾ. 2017ರಲ್ಲಿ ತ್ಸುನೋಡಾನನ್ನು ಮೂರನೇ ಸ್ಥಾನಕ್ಕೆ ಬಿಟ್ಟು ಗೆದ್ದವನೂ ಅವನೇ. ಆದರೆ ಯುರೋಪಿನ ಫಾರ್ಮುಲಾ 2ರಲ್ಲಿ ಪೂರ್ತಿ ಸೀಸನ್ ಓಡಿಸಲು ಮಿಯಾಟಾಗೆ ಅವಕಾಶ ಸಿಕ್ಕಿದ್ದು 2024ರಲ್ಲಿ.

ಇಬ್ಬರ ನಡುವೆ ಇಷ್ಟು ಅಂತರ ಯಾಕೆ? ಪ್ರತಿಭೆಯಲ್ಲಿ ವ್ಯತ್ಯಾಸ ಇರಬಹುದು, ಆ ಚರ್ಚೆ ಅಭಿಮಾನಿಗಳಿಗಿರಲಿ. ಒಂದು ವ್ಯತ್ಯಾಸ ಮಾತ್ರ ಚರ್ಚೆಗೆ ಆಸ್ಪದವೇ ಇಲ್ಲದಷ್ಟು ಸ್ಪಷ್ಟ. ತ್ಸುನೋಡಾ ಹೋಂಡಾದ ಹುಡುಗ, ಮಿಯಾಟಾ ಟೊಯೋಟಾದ ಹುಡುಗ. 2018ರಲ್ಲಿ ಹೋಂಡಾ ಬಳಿ ಎಫ್1ಗೆ ಹೋಗುವ ಬಾಗಿಲಿತ್ತು, ಟೊಯೋಟಾ ಬಳಿ ಇರಲಿಲ್ಲ. "ಗೆದ್ದವರು ಮೇಲೆ ಹೋಗ್ತಾರೆ" ಅಂತ ಕ್ರೀಡೆಯ ಬಗ್ಗೆ ನಾವೆಲ್ಲ ನಂಬಿರುವ ಮಾತನ್ನು ಪರೀಕ್ಷೆಗೆ ಹಚ್ಚಲು ಈ ಸೀಸನ್ ಒಳ್ಳೆಯ ಉದಾಹರಣೆ.

ಒಂದು ನೋಟದಲ್ಲಿ

ಚಾಂಪಿಯನ್‌ಶಿಪ್: ಜಪಾನ್ ಎಫ್4, 2015ರಲ್ಲಿ ಶುರು, 2018ರದ್ದು ನಾಲ್ಕನೇ ಸೀಸನ್
ರೇಸುಗಳು: 7 ವಾರಾಂತ್ಯ, 14 ರೇಸ್
ಅವಧಿ: ಏಪ್ರಿಲ್‌ನಲ್ಲಿ ಒಕಾಯಾಮಾದಿಂದ ನವೆಂಬರ್‌ನಲ್ಲಿ ಮೋಟೆಗಿವರೆಗೆ
ಕಾರು: ಡೋಮ್ ಎಫ್110, ಎಲ್ಲರಿಗೂ ಒಂದೇ
ಎಂಜಿನ್: 2 ಲೀಟರ್, ನಾಲ್ಕು ಸಿಲಿಂಡರ್, ಟೊಯೋಟಾ ಮೂಲದ್ದು, ಟಾಮ್ಸ್ ಸಂಸ್ಥೆ ಸಿದ್ಧಪಡಿಸಿದ್ದು
ಟೈರು: ಡನ್‌ಲಪ್
ಚಾಂಪಿಯನ್: ಯುಕಿ ತ್ಸುನೋಡಾ, 7 ಗೆಲುವು, 245 ಅಂಕ
ಎರಡನೇ ಸ್ಥಾನ: ಟೆಪ್ಪೆ ನಾಟೊರಿ

ಎಫ್4 ಅಂದ್ರೆ ಏನು?

ಕಾರ್ ರೇಸಿಂಗ್‌ನಲ್ಲಿ ಮಕ್ಕಳು ಶುರು ಮಾಡೋದು ಗೋ-ಕಾರ್ಟ್‌ನಲ್ಲಿ. ತ್ಸುನೋಡಾ ಅಂತೂ ನಾಲ್ಕನೇ ವಯಸ್ಸಿಗೇ ಶುರು ಮಾಡಿದವನು. ಕಾರ್ಟ್ ಬಿಟ್ಟು ನಿಜವಾದ ರೇಸ್ ಕಾರಿಗೆ ಬರುವ ಮೊದಲ ಮೆಟ್ಟಿಲು ಎಫ್4. ಒಬ್ಬನೇ ಕೂರುವ, ಚಕ್ರಗಳು ದೇಹದಿಂದ ಹೊರಗೆ ಚಾಚಿಕೊಂಡಿರುವ ಕಾರು ಇದು. ನೋಡಲು ಎಫ್1 ಕಾರಿನ ಚಿಕ್ಕ ತಮ್ಮನ ಹಾಗೆ ಕಾಣುತ್ತೆ, ಶಕ್ತಿ ಮಾತ್ರ ಸುಮಾರು 160 ಅಶ್ವಶಕ್ತಿ.

ಮೋಟಾರ್ ರೇಸಿಂಗ್‌ನ ಜಾಗತಿಕ ಆಡಳಿತ ಸಂಸ್ಥೆ ಎಫ್ಐಎ ಈ ದರ್ಜೆಯನ್ನು ರೂಪಿಸಿದ್ದು ಒಂದು ಸಮಸ್ಯೆಗೆ ಪರಿಹಾರವಾಗಿ. ಕಾರ್ಟಿಂಗ್‌ನಿಂದ ಎಫ್3ಗೆ ನೇರವಾಗಿ ಜಿಗಿಯಬೇಕಾದರೆ ವಿಪರೀತ ಖರ್ಚು. ನಡುವೆ ಇದ್ದ ಸಣ್ಣಪುಟ್ಟ ಸರಣಿಗಳಲ್ಲಿ ದೇಶಕ್ಕೊಂದು ನಿಯಮ, ಸರಣಿಗೊಂದು ಕಾರು. ಹಾಗಾಗಿ ಎಲ್ಲ ದೇಶಗಳಲ್ಲೂ ಒಂದೇ ಚೌಕಟ್ಟು, ಖರ್ಚಿಗೆ ಮಿತಿ, ಪ್ರತಿ ಚಾಂಪಿಯನ್‌ಶಿಪ್ ಒಳಗೆ ಎಲ್ಲರಿಗೂ ಒಂದೇ ಕಾರು ಅನ್ನೋ ಕಲ್ಪನೆ ಬಂತು. ಮೊದಲ ಸರಣಿ 2014ರಲ್ಲಿ ಇಟಲಿಯಲ್ಲಿ ನಡೆಯಿತು. ಮರುವರ್ಷವೇ ಜಪಾನ್ ಸೇರಿಕೊಂಡಿತು.

ಜಪಾನಿನವರು ಕಾರನ್ನು ಯುರೋಪಿನಿಂದ ತರಿಸಿಕೊಳ್ಳಲಿಲ್ಲ. ತಮ್ಮದೇ ಡೋಮ್ ಕಂಪನಿಯ ಕಾರ್ಬನ್ ಫೈಬರ್ ಕಾರು, ತಮ್ಮದೇ ಎಂಜಿನ್ ಬಳಸಿದರು. ಇಲ್ಲೊಂದು ತಮಾಷೆಯ ಸಂಗತಿ ಇದೆ. ಎಂಜಿನ್ ಟೊಯೋಟಾ ಮೂಲದ್ದು. ಅಂದರೆ ಹೋಂಡಾ ಕಂಪನಿ ಬೆಳೆಸುತ್ತಿದ್ದ ಹುಡುಗರೂ ಓಡಿಸಿದ್ದು ಎದುರಾಳಿಯ ಎಂಜಿನ್ ಇರುವ ಕಾರನ್ನೇ. ತ್ಸುನೋಡಾ ಚಾಂಪಿಯನ್ ಆದದ್ದೂ ಟೊಯೋಟಾ ಎಂಜಿನ್‌ನಲ್ಲೇ! ಎಲ್ಲರಿಗೂ ಒಂದೇ ಎಂಜಿನ್ ಇದ್ದಾಗ ಅದು ಯಾರದ್ದು ಅನ್ನೋದರಿಂದ ಫಲಿತಾಂಶ ಬದಲಾಗಲ್ಲ. ಸ್ಪರ್ಧೆ ಆ ಮಟ್ಟಿಗೆ ನ್ಯಾಯಯುತ.

ಇನ್ನೊಂದು ವಿಶೇಷ ಪ್ರೇಕ್ಷಕರದ್ದು. ಹಲವು ದೇಶಗಳಲ್ಲಿ ಎಫ್4 ರೇಸ್ ನೋಡೋಕೆ ಬರೋದು ಹುಡುಗರ ಅಪ್ಪ-ಅಮ್ಮ ಮಾತ್ರ. ಜಪಾನಿನಲ್ಲಿ ಹಾಗಲ್ಲ. ಅಲ್ಲಿನ ಅತ್ಯಂತ ಜನಪ್ರಿಯ ಸರಣಿ ಸೂಪರ್ ಜಿಟಿಯ ಜತೆಗೇ, ಅದೇ ವಾರಾಂತ್ಯ, ಅದೇ ಟ್ರ್ಯಾಕ್‌ನಲ್ಲಿ ಎಫ್4 ನಡೆಯುತ್ತೆ. ಮೇ ತಿಂಗಳ ಮೊದಲ ವಾರದ ಗೋಲ್ಡನ್ ವೀಕ್ ರಜೆಯಲ್ಲಿ ಫ್ಯೂಜಿಗೆ ಸೇರುವ ಜನಜಾತ್ರೆಯ ಎದುರು 16-17ರ ಹುಡುಗರು ಓಡಿಸ್ತಾರೆ. ಕಣದಲ್ಲಿ 30ಕ್ಕೂ ಹೆಚ್ಚು ಕಾರುಗಳು. ಅದರಲ್ಲಿ ಕಂಪನಿಗಳ ಆಯ್ಕೆಯ ಹುಡುಗರಿದ್ದಾರೆ, ಸ್ವಂತ ದುಡ್ಡಿನಲ್ಲಿ ಬಂದವರಿದ್ದಾರೆ, ಹವ್ಯಾಸಕ್ಕೆ ಓಡಿಸುವ ನಡುವಯಸ್ಸಿನವರೂ ಇದ್ದಾರೆ.

ಸೀಸನ್ ಹೇಗೆ ನಡೆಯಿತು

2018ರ ಏಪ್ರಿಲ್ ಮೊದಲ ವಾರ ಒಕಾಯಾಮಾದಲ್ಲಿ ಶುರು. ಮೇ ತಿಂಗಳಲ್ಲಿ ಫ್ಯೂಜಿ, ನಂತರ ಸುಝುಕಾ. ಆಗಸ್ಟ್‌ನಲ್ಲಿ ಮತ್ತೆ ಫ್ಯೂಜಿ, ಸೆಪ್ಟೆಂಬರ್‌ನಲ್ಲಿ ಉತ್ತರದ ಸುಗೊ, ಅಕ್ಟೋಬರ್‌ನಲ್ಲಿ ದಕ್ಷಿಣದ ಕ್ಯೂಶೂ ದ್ವೀಪದ ಆಟೋಪೊಲಿಸ್, ನವೆಂಬರ್‌ನಲ್ಲಿ ಮೋಟೆಗಿಯಲ್ಲಿ ಮುಕ್ತಾಯ. ಪ್ರತಿ ವಾರಾಂತ್ಯಕ್ಕೆ ಎರಡು ರೇಸ್. ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 18, ಮೂರನೆಯವನಿಗೆ 15, ಹೀಗೆ ಹತ್ತನೇ ಸ್ಥಾನಕ್ಕೆ 1 ಅಂಕ.

14 ರೇಸ್ ಅಂದರೆ ಗರಿಷ್ಠ 350 ಅಂಕ. ತ್ಸುನೋಡಾ ಗಳಿಸಿದ್ದು 245, ಅಂದರೆ ಶೇಕಡಾ 70. ಏಳು ರೇಸ್ ಗೆದ್ದ, ಸರಿಯಾಗಿ ಅರ್ಧ. ಗೆಲ್ಲದ ರೇಸುಗಳಲ್ಲೂ ಕೈ ಚೆಲ್ಲಿ ಕೂರಲಿಲ್ಲ ಅನ್ನೋದನ್ನು ಉಳಿದ ಅಂಕಗಳೇ ಹೇಳುತ್ತವೆ. ಏಳು ಗೆಲುವಿಗೆ 175, ಮಿಕ್ಕ 70 ಅಂಕ ಬಂದದ್ದು ಬೇರೆ ರೇಸುಗಳಿಂದ.

ಅವನಿಗೆ ನಿಜವಾದ ಪೈಪೋಟಿ ಕೊಟ್ಟವನು ಟೆಪ್ಪೆ ನಾಟೊರಿ. ಇವನೂ ಹೋಂಡಾದವನೇ. ಇಬ್ಬರೂ ಹೋಂಡಾ ಫಾರ್ಮುಲಾ ಡ್ರೀಮ್ ಪ್ರಾಜೆಕ್ಟ್ ಅನ್ನೋ ತರಬೇತಿ ಯೋಜನೆಯ ಹುಡುಗರು, ಇಬ್ಬರೂ 2000ನೇ ಇಸವಿಯಲ್ಲಿ ಹುಟ್ಟಿದವರು. ಪ್ರಶಸ್ತಿಗಾಗಿ ಹೊಡೆದಾಡಿದ ಇಬ್ಬರೂ ಒಂದೇ ಮನೆಯ ಮಕ್ಕಳಿದ್ದ ಹಾಗೆ. ಹೋಂಡಾಗೆ ಯಾರು ಗೆದ್ದರೂ ಸಂತೋಷವೇ. ಹುಡುಗರಿಗೆ ಹಾಗಲ್ಲ, ಮುಂದಿನ ಬದುಕು ಯಾರದ್ದು ಎಲ್ಲಿ ಅನ್ನೋದು ಇಲ್ಲಿ ನಿರ್ಧಾರ ಆಗುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು.

ಏಣಿ ಯಾರದ್ದು?

ಈಗ ಮೇಲಿನ ಟ್ರ್ಯಾಕ್‌ಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ, ಈ ಬಾರಿ ಮಾಲೀಕರ ಹೆಸರಿನ ಜೊತೆ. ಸುಝುಕಾ ಹೋಂಡಾ ಕಟ್ಟಿಸಿದ್ದು, 1962ರಲ್ಲಿ. ಮೋಟೆಗಿಯೂ ಹೋಂಡಾದ್ದೇ, 1997ರಲ್ಲಿ ತೆರೆದದ್ದು. ಫ್ಯೂಜಿ 2000ದಿಂದ ಟೊಯೋಟಾ ಕೈಯಲ್ಲಿದೆ. ಸುಗೊ ಯಮಾಹಾದ್ದು. ಆಟೋಪೊಲಿಸ್ ಕವಾಸಾಕಿಯದ್ದು. ಏಳು ವಾರಾಂತ್ಯಗಳಲ್ಲಿ ಆರು ನಡೆದದ್ದು ವಾಹನ ಕಂಪನಿಗಳ ಸ್ವಂತ ಟ್ರ್ಯಾಕ್‌ನಲ್ಲಿ. ಹೊರಗುಳಿದದ್ದು ಒಕಾಯಾಮಾ ಒಂದೇ.

ಟ್ರ್ಯಾಕ್ ಅವರದ್ದು. ಶಾಲೆಯೂ ಅವರದ್ದೇ. ಹೋಂಡಾಗೆ ಸುಝುಕಾ ರೇಸಿಂಗ್ ಶಾಲೆ, ಟೊಯೋಟಾಗೆ ತನ್ನದೇ ಶಾಲೆ ಮತ್ತು ಯುವ ಚಾಲಕರ ಯೋಜನೆ, ನಿಸ್ಸಾನ್‌ಗೂ ಅಂಥದ್ದೊಂದು. ಶಾಲೆಯಲ್ಲಿ ಮುಂದಿದ್ದವರಿಗೆ ಕಂಪನಿ ಎಫ್4 ಸೀಟು ಕೊಡುತ್ತೆ, ಅಲ್ಲಿ ಗೆದ್ದವರಿಗೆ ಎಫ್3, ಆಮೇಲೆ ಸೂಪರ್ ಫಾರ್ಮುಲಾ, ಸೂಪರ್ ಜಿಟಿ. ಕೊನೆಗೆ ಸಂಬಳ ಕೊಡೋದೂ ಅದೇ ಕಂಪನಿ. ಶಾಲೆಯ ದಾಖಲಾತಿಯಿಂದ ಸಂಬಳದವರೆಗೆ ಒಂದೇ ಛಾವಣಿ.

ಇದರ ಒಳ್ಳೆಯ ಮುಖವನ್ನು ಮೊದಲು ಹೇಳಬೇಕು. ಯುರೋಪಿನಲ್ಲಿ ಕಿರಿಯರ ರೇಸಿಂಗ್ ಬಹುಮಟ್ಟಿಗೆ ಅಪ್ಪಂದಿರ ದುಡ್ಡಿನ ಆಟ. ಸೀಟು ಬೇಕಾದರೆ ತಂಡಕ್ಕೆ ಹಣ ಕಟ್ಟಬೇಕು, ಹಣ ನಿಂತರೆ ವೃತ್ತಿ ಮುಗಿಯಿತು. ಜಪಾನಿನ ಪದ್ಧತಿಯಲ್ಲಿ ಆಯ್ಕೆಯಾದ ಹುಡುಗನ ಖರ್ಚಿನ ದೊಡ್ಡ ಭಾಗ ಕಂಪನಿ ಹೊರುತ್ತೆ. ಕೋಟ್ಯಧಿಪತಿ ಅಲ್ಲದ ಮನೆಯ ಹುಡುಗನೂ ಮೇಲೆ ಬರಬಹುದು. ಅಲ್ಲಿ ಹೆಸರು ಮಾಡಿದ ಎಷ್ಟೋ ಚಾಲಕರು ಬಂದದ್ದು ಈ ದಾರಿಯಲ್ಲೇ.

ಇನ್ನೊಂದು ಮುಖವೂ ಇದೆ. ಆಯ್ಕೆ ಮಾಡುವವರು ಬೆರಳೆಣಿಕೆಯ ಜನ. ಅವರ ಕಣ್ಣಿಗೆ ಬೀಳದಿದ್ದರೆ ಬೇರೆ ಬಾಗಿಲಿಲ್ಲ. ತ್ಸುನೋಡಾನ ಕಥೆಯೇ ಇದಕ್ಕೆ ಸಾಕ್ಷಿ. 2016ರಲ್ಲಿ ಅವನು ಸುಝುಕಾ ಶಾಲೆಯಲ್ಲಿದ್ದಾಗ ಅಂತಿಮ ಪರೀಕ್ಷೆಯಲ್ಲಿ ಸ್ಕಾಲರ್‌ಶಿಪ್ ಸಿಗಲಿಲ್ಲ. ನಿಯಮದ ಪ್ರಕಾರ ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆಗ ಶಾಲೆಯ ಪ್ರಾಂಶುಪಾಲರಾಗಿದ್ದವರು ಸಟೊರು ನಕಾಜಿಮಾ. 1987ರಲ್ಲಿ ಎಫ್1ಗೆ ಕಾಲಿಟ್ಟು, ಅಲ್ಲಿ ಪೂರ್ಣಾವಧಿ ಓಡಿಸಿದ ಮೊದಲ ಜಪಾನಿ ಚಾಲಕ ಅವರು. ಫಲಿತಾಂಶದ ಪಟ್ಟಿಯಲ್ಲಿ ಕಾಣದ ಏನೋ ಒಂದು ಈ ಹುಡುಗನ ಓಟದಲ್ಲಿ ಅವರಿಗೆ ಕಂಡಿತು. ಅವರು ಶಿಫಾರಸು ಮಾಡಿದರು, ಹೋಂಡಾ ಬೆಂಬಲ ಕೊಟ್ಟಿತು, 2017ರ ಎಫ್4 ಸೀಟು ಸಿಕ್ಕಿತು.

ಓದೋಕೆ ಚಂದದ ಕಥೆ. ಆದರೆ ಒಂದು ಕ್ಷಣ ತಿರುಗಿಸಿ ನೋಡಿ. ಒಬ್ಬ ಹಿರಿಯರು ಅಂದು ಬೇರೆ ಕಡೆ ನೋಡುತ್ತಿದ್ದರೆ? ಮುಂದೆ ಎಫ್1ಗೆ ಹೋಗಬಲ್ಲ ಹುಡುಗನನ್ನು ಆ ಪರೀಕ್ಷೆ ಅನುತ್ತೀರ್ಣ ಮಾಡಿತ್ತು. ಅವನನ್ನು ಉಳಿಸಿದ್ದು ಒಬ್ಬ ವ್ಯಕ್ತಿಯ ವಿವೇಚನೆ. ವಿವೇಚನೆಗೆ ಅಷ್ಟು ಜಾಗ ಇರೋದು ಒಳ್ಳೆಯದೂ ಹೌದು, ಅಪಾಯವೂ ಹೌದು. ಅದೇ ವಿವೇಚನೆ ಯಾರ ಮೇಲೆ ಬೀಳಲಿಲ್ಲವೋ ಅವರ ಹೆಸರು ನಮಗೆ ತಿಳಿಯುವುದೇ ಇಲ್ಲ.

2018ನೇ ಇಸವಿ ಯಾಕೆ ಮುಖ್ಯ?

ಹೋಂಡಾ 2015ರಲ್ಲಿ ಮೆಕ್ಲಾರೆನ್ ಜೊತೆ ಎಫ್1ಗೆ ಮರಳಿತ್ತು. ಮೂರು ವರ್ಷ ಅವಮಾನದ ಮೇಲೆ ಅವಮಾನ. ಎಂಜಿನ್ ಕೈಕೊಡುತ್ತಲೇ ಇತ್ತು. 2017ರ ಕೊನೆಗೆ ಆ ಸಂಬಂಧ ಮುರಿದುಬಿತ್ತು. 2018ರಲ್ಲಿ ಹೋಂಡಾ ಎಂಜಿನ್ ಹೋದದ್ದು ರೆಡ್‌ಬುಲ್‌ನ ಕಿರಿಯ ತಂಡ ಟೊರೊ ರೊಸ್ಸೊಗೆ. ಅದೇ ವರ್ಷ ಜೂನ್‌ನಲ್ಲಿ, ಅಂದರೆ ಎಫ್4 ಸೀಸನ್‌ನ ನಡುವೆಯೇ, ರೆಡ್‌ಬುಲ್ ಮುಖ್ಯ ತಂಡವೂ 2019ರಿಂದ ಹೋಂಡಾ ಎಂಜಿನ್ ಬಳಸುತ್ತೆ ಅನ್ನೋ ಘೋಷಣೆ ಬಂತು.

ಈ ಒಪ್ಪಂದದಿಂದ ಹೋಂಡಾಗೆ ಎಂಜಿನ್‌ಗಿಂತ ಹೆಚ್ಚಿನದೊಂದು ಸಿಕ್ಕಿತು. ರೆಡ್‌ಬುಲ್ ಕೈಯಲ್ಲಿ ಎರಡು ತಂಡ, ನಾಲ್ಕು ಸೀಟು, ಜೊತೆಗೆ ಕಿರಿಯರನ್ನು ಬೆಳೆಸುವ ದೊಡ್ಡ ಯೋಜನೆ. ಇತ್ತ ಜಪಾನಿನಲ್ಲಿ ಒಂದು ಕೊರಗು ಇತ್ತು. 2014ರಲ್ಲಿ ಕಾಮುಯಿ ಕೊಬಯಾಶಿ ಹೊರಬಿದ್ದ ಮೇಲೆ ಎಫ್1ನಲ್ಲಿ ಒಬ್ಬ ಕಾಯಂ ಜಪಾನಿ ಚಾಲಕನೂ ಇರಲಿಲ್ಲ. ಎಂಜಿನ್ ತಮ್ಮದು, ಓಡಿಸೋರು ಬೇರೆಯವರು.

ಆ ಹೊತ್ತಿಗೆ ಹೋಂಡಾದ ಕಿರಿಯರಲ್ಲಿ ಗೆಲ್ಲುತ್ತಿದ್ದವರು ತ್ಸುನೋಡಾ ಮತ್ತು ನಾಟೊರಿ. 2018 ಮುಗಿಯುವಷ್ಟರಲ್ಲಿ ಹಂಗೆರಿಯಲ್ಲಿ ರೆಡ್‌ಬುಲ್‌ನವರ ಕಣ್ಣೆದುರು ಎಫ್3 ಕಾರು ಓಡಿಸುವ ಅವಕಾಶ ಸಿಕ್ಕಿತು. ತ್ಸುನೋಡಾ ಅಲ್ಲಿ ಮೆಚ್ಚುಗೆ ಗಳಿಸಿದ. 2019ಕ್ಕೆ ಇಬ್ಬರನ್ನೂ ಯುರೋಪಿನ ಎಫ್ಐಎ ಎಫ್3ಗೆ ಕಳಿಸಲಾಯಿತು. ತ್ಸುನೋಡಾ ಸ್ವಿಟ್ಜರ್ಲೆಂಡ್‌ನ ಜೆನ್ಝರ್ ತಂಡಕ್ಕೆ, ನಾಟೊರಿ ಇಂಗ್ಲೆಂಡ್‌ನ ಕಾರ್ಲಿನ್ ತಂಡಕ್ಕೆ.

ಇದಕ್ಕೊಂದು ಲೆಕ್ಕದ ಆಯಾಮವೂ ಇದೆ. ಎಫ್1 ಓಡಿಸಬೇಕಾದರೆ ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ವರ್ಷಗಳಲ್ಲಿ 40 ಅಂಕ ಕೂಡಿಸಬೇಕು. ಎಫ್4 ಚಾಂಪಿಯನ್‌ಗೆ ಸಿಗೋದು 12. ಉಳಿದದ್ದನ್ನು ದೊಡ್ಡ ಸರಣಿಗಳಲ್ಲಿ ಗಳಿಸಬೇಕು, ಅವುಗಳಲ್ಲಿ ಹೆಚ್ಚು ಅಂಕ ಕೊಡುವುದು ಯುರೋಪಿನ ಎಫ್2. ಅಲ್ಲಿ ಮೊದಲ ಮೂವರೊಳಗೆ ಬಂದರೆ ಒಂದೇ ವರ್ಷಕ್ಕೆ 40 ಅಂಕ. ಅಂಕಪಟ್ಟಿ ಹೀಗಿರುವಾಗ ಜಪಾನಿನಲ್ಲೇ ಉಳಿದು ಎಷ್ಟು ಗೆದ್ದರೂ ದಾರಿ ಉದ್ದ. ನಿಯಮ ಬರೆಯುವವರು ಕೂತಿರೋದು ಯುರೋಪಿನಲ್ಲಿ ಅನ್ನೋದನ್ನು ಮರೆಯುವಂತಿಲ್ಲ.

ಒಂದೇ ವಿಮಾನ ಹತ್ತಿದವರು

2019ರ ಎಫ್3ಯಲ್ಲಿ ಜೆನ್ಝರ್ ಮುಂಚೂಣಿಯ ತಂಡವಾಗಿರಲಿಲ್ಲ. ಹಾಗಿದ್ದೂ ತ್ಸುನೋಡಾ ಇಟಲಿಯ ಮೊನ್ಝಾದಲ್ಲಿ ರೇಸ್ ಗೆದ್ದ, ಒಟ್ಟಾರೆ ಒಂಬತ್ತನೇ ಸ್ಥಾನ ಪಡೆದ. 2020ರಲ್ಲಿ ಎಫ್2ಗೆ ಬಡ್ತಿ ಸಿಕ್ಕಿತು. ಮೂರು ರೇಸ್ ಗೆದ್ದು, 200 ಅಂಕಗಳೊಂದಿಗೆ ಮೂರನೇ ಸ್ಥಾನ. ಲೈಸೆನ್ಸ್‌ಗೆ ಬೇಕಾದ ಅಂಕ ಬಂತು. 2021ಕ್ಕೆ ಆಲ್ಫಾಟೌರಿ ತಂಡದ ಸೀಟು, ಮೊದಲ ರೇಸಿನಲ್ಲೇ ಒಂಬತ್ತನೇ ಸ್ಥಾನ. ಇದನ್ನು ಬರೀ ಕಂಪನಿಯ ಕೃಪೆ ಅಂದರೆ ಅನ್ಯಾಯವಾಗುತ್ತೆ. ಸಿಕ್ಕ ಪ್ರತಿ ಅವಕಾಶಕ್ಕೂ ಅವನು ಫಲಿತಾಂಶದಲ್ಲೇ ಉತ್ತರ ಕೊಟ್ಟ.

ನಾಟೊರಿಯ ದಾರಿ ಬೇರೆ ಆಯಿತು. ಅವನಿದ್ದ ಕಾರ್ಲಿನ್ ತಂಡ ಆ ವರ್ಷದ ಎಫ್3ಯಲ್ಲಿ ಸೊರಗಿತ್ತು. ಅವನೊಬ್ಬನೇ ಅಲ್ಲ, ಜೊತೆಗಾರರಾದ ಲೋಗನ್ ಸಾರ್ಜೆಂಟ್ ಮತ್ತು ಫೆಲಿಪೆ ಡ್ರುಗೊವಿಚ್ ಕೂಡ ಪಟ್ಟಿಯ ಕೆಳಗೇ ಉಳಿದರು. ಆಮೇಲೆ ಏನಾಯ್ತು ನೋಡಿ. ಸಾರ್ಜೆಂಟ್‌ಗೆ ಮರುವರ್ಷ ಅದೇ ಎಫ್3ಯ ಅತ್ಯುತ್ತಮ ತಂಡ ಪ್ರೇಮಾದಲ್ಲಿ ಜಾಗ ಸಿಕ್ಕಿತು, ಮೂರನೇ ಸ್ಥಾನ ಬಂತು, 2023ರಲ್ಲಿ ವಿಲಿಯಮ್ಸ್ ತಂಡದಲ್ಲಿ ಎಫ್1 ಸೀಟೂ ಬಂತು. ಡ್ರುಗೊವಿಚ್ 2022ರ ಎಫ್2 ಚಾಂಪಿಯನ್ ಆದ. ನಾಟೊರಿ ಒಂದೇ ವರ್ಷಕ್ಕೆ ಜಪಾನಿಗೆ ವಾಪಸ್. ಒಂದೇ ಕಾರು, ಒಂದೇ ಕೆಟ್ಟ ವರ್ಷ. ಇಬ್ಬರಿಗೆ ಎರಡನೇ ಅವಕಾಶ ಸಿಕ್ಕಿತು, ಒಬ್ಬನಿಗೆ ಸಿಗಲಿಲ್ಲ.

ಅವನು ಸೋತು ಕೂತವನಲ್ಲ. 2021ರಲ್ಲಿ ಬಿ-ಮ್ಯಾಕ್ಸ್ ತಂಡದಿಂದ ಸೂಪರ್ ಫಾರ್ಮುಲಾ ಲೈಟ್ಸ್ ಚಾಂಪಿಯನ್ ಆದ. ಮುಂದೆ ನಿಸ್ಸಾನ್ ಪಾಳಯ ಸೇರಿ ಸೂಪರ್ ಜಿಟಿಯ ಮೇಲಿನ ದರ್ಜೆಯಲ್ಲಿ ಓಡಿಸಿದ. ವೇಗ ಇದ್ದದ್ದು ಸಾಬೀತಾಯಿತು. ಆದರೆ ಯುರೋಪಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಮನೆಯಲ್ಲೇ ಉಳಿದವರು

ಅದೇ 2018ರಲ್ಲಿ, ಎಫ್4ಗಿಂತ ಒಂದು ಮೆಟ್ಟಿಲು ಮೇಲಿನ ಜಪಾನ್ ಎಫ್3ಯಲ್ಲಿ ಇನ್ನೂ ದೊಡ್ಡ ಸಾಧನೆ ನಡೆಯುತ್ತಿತ್ತು. ಟಾಮ್ಸ್ ತಂಡದ ಶೋ ತ್ಸುಬೊಯಿ 19 ರೇಸುಗಳಲ್ಲಿ 17 ಗೆದ್ದ. ಹತ್ತೊಂಬತ್ತಕ್ಕೆ ಹದಿನೇಳು! 2015ರಲ್ಲಿ ಜಪಾನ್ ಎಫ್4ನ ಮೊದಲ ಚಾಂಪಿಯನ್ ಆದವನೂ ಅವನೇ. ಯಾವ ದೇಶದ ಯಾವ ಕಿರಿಯರ ಸರಣಿಯಲ್ಲೇ ಆಗಲಿ, ಇಂಥ ಸೀಸನ್ ಬಂದರೆ ಆ ಹುಡುಗನ ಹಿಂದೆ ತಂಡಗಳು ಸಾಲುಗಟ್ಟಬೇಕು.

ತ್ಸುಬೊಯಿ ಟೊಯೋಟಾದವನು. ಟೊಯೋಟಾ 2009ರ ಕೊನೆಗೆ ಎಫ್1 ಬಿಟ್ಟು ಹೋಗಿತ್ತು. ಗೆದ್ದರೂ ಕಳಿಸೋದು ಎಲ್ಲಿಗೆ? ಮರುವರ್ಷ ಅವನು ಜಪಾನಿನದ್ದೇ ಆದ ಸೂಪರ್ ಫಾರ್ಮುಲಾಗೆ ಬಡ್ತಿ ಪಡೆದ. ಮುಂದೆ ಸೂಪರ್ ಜಿಟಿಯ ಮೇಲಿನ ದರ್ಜೆಯ ಪ್ರಶಸ್ತಿಯನ್ನು 2021, 2023, 2024ರಲ್ಲಿ ಗೆದ್ದ, 2024ರ ಸೂಪರ್ ಫಾರ್ಮುಲಾ ಕಿರೀಟವನ್ನೂ ಗೆದ್ದ. ತನ್ನ ದೇಶದಲ್ಲಿ ಅವನು ದಿಗ್ಗಜ. ಹೊರಗೆ ಎಷ್ಟು ಜನಕ್ಕೆ ಗೊತ್ತು?

ಮಿಯಾಟಾ ಕೂಡ ಆ ವರ್ಷ ಇದೇ ಎಫ್3ಯಲ್ಲಿ ತ್ಸುಬೊಯಿಯ ಹಿಂದೆ ಎರಡನೇ ಸ್ಥಾನ ಪಡೆದ. 2020ರಲ್ಲಿ ಸೂಪರ್ ಫಾರ್ಮುಲಾ ಲೈಟ್ಸ್ ಗೆದ್ದ. 2023ರಲ್ಲಿ ಸೂಪರ್ ಫಾರ್ಮುಲಾ ಮತ್ತು ಸೂಪರ್ ಜಿಟಿ, ಎರಡೂ ಪ್ರಶಸ್ತಿಗಳನ್ನು ಒಂದೇ ವರ್ಷ ಬಾಚಿಕೊಂಡ. ಅದಾದ ಮೇಲೆ 2024ರಲ್ಲಿ, 24ನೇ ವಯಸ್ಸಿಗೆ, ಅವನನ್ನು ಎಫ್2ಗೆ ಕಳಿಸಲಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಅವನಿಗಿಂತ ಕಿರಿಯರು, ಬಹುತೇಕ ಟ್ರ್ಯಾಕ್‌ಗಳು ಅವನಿಗೆ ಹೊಸವು. ಟೊಯೋಟಾ ಹಾಸ್ ತಂಡದ ಜೊತೆ ಕೈಜೋಡಿಸಿ ಎಫ್1 ಕಡೆ ಮತ್ತೆ ಮುಖ ಮಾಡಿದ್ದು 2024ರ ಅಕ್ಟೋಬರ್‌ನಲ್ಲಿ. ಮಿಯಾಟಾಗೆ ಆಗಲೇ 25.

ಜಪಾನ್ ಎಫ್3 ಅನ್ನೋ ಹೆಸರಿಗೂ ಇದೇ ಹೊತ್ತಿಗೆ ಕುತ್ತು ಬಂತು. 1979ರಿಂದ ನಡೆಯುತ್ತಿದ್ದ ಸರಣಿ ಅದು. ಎಫ್ಐಎ 2019ರಲ್ಲಿ ತನ್ನದೇ ಅಂತಾರಾಷ್ಟ್ರೀಯ ಎಫ್3 ಶುರು ಮಾಡಿ, ಆ ಹೆಸರನ್ನು ಅದಕ್ಕೇ ಕಾಯ್ದಿರಿಸಿತು. ಜಪಾನಿನವರು 2020ರಿಂದ ತಮ್ಮ ಸರಣಿಗೆ ಸೂಪರ್ ಫಾರ್ಮುಲಾ ಲೈಟ್ಸ್ ಅಂತ ಹೆಸರು ಬದಲಿಸಿಕೊಳ್ಳಬೇಕಾಯಿತು. ನಾಲ್ಕು ದಶಕದ ಹೆಸರು ಹೋಯಿತು.

ನಮಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ, ಅದೂ ನೇರವಾಗಿ. ತ್ಸುನೋಡಾನನ್ನು ಗುರುತಿಸಿದ ನಕಾಜಿಮಾ ಅವರಿಗೆ ತಮ್ಮದೇ ರೇಸಿಂಗ್ ತಂಡವಿದೆ. 2018ರಲ್ಲಿ ಆ ತಂಡದಿಂದ ಸೂಪರ್ ಫಾರ್ಮುಲಾ ಓಡಿಸಿದವರಲ್ಲಿ ಒಬ್ಬರು ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್. ಕಾರಿನ ಮೇಲಿದ್ದ ಪ್ರಾಯೋಜಕರ ಹೆಸರು ಟಿಸಿಎಸ್. ಭಾರತದ ಮೊದಲ ಎಫ್1 ಚಾಲಕ ಜಪಾನಿನ ಟ್ರ್ಯಾಕ್‌ಗಳಲ್ಲಿ ಹಲವು ವರ್ಷ ಕಳೆದಿದ್ದಾರೆ.

ಇನ್ನೂ ಹತ್ತಿರದ ಹೋಲಿಕೆ ಮುಂಬೈನ ಜೆಹಾನ್ ದಾರೂವಾಲಾ ಅವರದ್ದು. 2019ರ ಎಫ್3ಯಲ್ಲಿ ತ್ಸುನೋಡಾ ಒಂಬತ್ತನೆಯವನಾದರೆ ಜೆಹಾನ್ ಮೂರನೆಯವರು. 2020ರ ಎಫ್2ನಲ್ಲಿ ಇಬ್ಬರೂ ಕಾರ್ಲಿನ್ ತಂಡದ ಜೊತೆಗಾರರು, ಇಬ್ಬರೂ ರೆಡ್‌ಬುಲ್ ಕಿರಿಯರ ಯೋಜನೆಯಲ್ಲಿದ್ದವರು. ಆ ವರ್ಷ ತ್ಸುನೋಡಾ ಸ್ಪಷ್ಟವಾಗಿ ಮುಂದಿದ್ದ, ಅದರಲ್ಲಿ ಅನುಮಾನ ಇಲ್ಲ. ಜೆಹಾನ್ ಎಫ್2ನಲ್ಲಿ ರೇಸುಗಳನ್ನು ಗೆದ್ದರು, ಎಫ್1 ರೇಸ್ ಸೀಟು ಮಾತ್ರ ಸಿಗಲಿಲ್ಲ. ಅವರ ಬೆನ್ನಿಗೆ ಎಂಜಿನ್ ಕೊಡುವ ಭಾರತೀಯ ಕಂಪನಿ ಒಂದೂ ಇರಲಿಲ್ಲ.

ನಮ್ಮ ಬೆಂಗಳೂರಿನ ಕುಶ್ ಮೈನಿ 2024ರಲ್ಲಿ ಎಫ್2 ಓಡಿಸಿದಾಗ ಎದುರಿದ್ದವರಲ್ಲಿ ಇದೇ ಮಿಯಾಟಾ ಒಬ್ಬ. 2025ರ ಮೇ ತಿಂಗಳಲ್ಲಿ ಕುಶ್ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದಾಗ ಕನ್ನಡ ವಾಹಿನಿಗಳೂ ತಿರುಗಿ ನೋಡಿದವು. ಅವರ ಅಣ್ಣ ಅರ್ಜುನ್ ಮೈನಿ 2018ರಲ್ಲಿ ಎಫ್2ನಲ್ಲಿದ್ದರು. ಬೆಂಗಳೂರಿನ ಉದ್ಯಮಿ ಕುಟುಂಬದಿಂದ ಬಂದ ಇಬ್ಬರೂ ಪ್ರತಿಭಾವಂತರು. ಅಂಥ ಮನೆಯಲ್ಲಿ ಹುಟ್ಟದ ಪ್ರತಿಭಾವಂತರು ಕಾರ್ಟ್‌ನವರೆಗಾದರೂ ಬರ್ತಾರಾ ಅನ್ನೋದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹಾಗಂತ ಜಪಾನಿನದ್ದೇ ಸರಿ ಅಂತ ತೀರ್ಪು ಕೊಡಲು ಆಗಲ್ಲ. ಕುಟುಂಬದ ದುಡ್ಡಿನ ಮೇಲೆ ನಿಂತ ಏಣಿಯಲ್ಲಿ ಬಡವರಿಗೆ ಮೊದಲ ಮೆಟ್ಟಿಲೇ ಇಲ್ಲ. ಕಂಪನಿಯ ಏಣಿಯಲ್ಲಿ ಮೊದಲ ಮೆಟ್ಟಿಲಿದೆ, ಆದರೆ ಹತ್ತಿದವರು ಯಾವ ಮಹಡಿವರೆಗೆ ಹೋಗಬಹುದು ಅನ್ನೋದು ಕಂಪನಿಯ ವ್ಯಾಪಾರದ ಲೆಕ್ಕ. ಕ್ರಿಕೆಟ್‌ನಲ್ಲಿ ರಣಜಿ ಇದೆ, ರಾಜ್ಯ ಸಂಸ್ಥೆ ಇದೆ. ಅವುಗಳಲ್ಲಿ ರಾಜಕೀಯ ಎಷ್ಟೇ ಇದ್ದರೂ ಪ್ರಶ್ನೆ ಕೇಳೋಕೆ ಒಂದು ಸಾರ್ವಜನಿಕ ಜಾಗ ಅಂತಿದೆ. ಖಾಸಗಿ ಕಂಪನಿ ಒಬ್ಬ ಹುಡುಗನನ್ನು ಯಾಕೆ ಆರಿಸಿತು, ಇನ್ನೊಬ್ಬನನ್ನು ಯಾಕೆ ಬಿಟ್ಟಿತು ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

ಆಮೇಲೆ

ಹೋಂಡಾ 2020ರ ಅಕ್ಟೋಬರ್‌ನಲ್ಲಿ, 2021ರ ನಂತರ ಎಫ್1 ಬಿಡುತ್ತೇವೆ ಅಂತ ಘೋಷಿಸಿತು. ಅದಾಗಿ ಎರಡೇ ತಿಂಗಳಿಗೆ ತ್ಸುನೋಡಾಗೆ ಎಫ್1 ಸೀಟು ಖಚಿತವಾಯಿತು. ಕಂಪನಿ ಹೊರಡುವ ಹೊತ್ತಿಗೆ ಅವನು ಒಳಗೆ ಬಂದ. ಹೋಂಡಾ ಪೂರ್ತಿಯಾಗಿ ಹೋಗಲಿಲ್ಲ, ರೆಡ್‌ಬುಲ್ ತಂಡಗಳಿಗೆ ಎಂಜಿನ್ ನೆರವು 2025ರವರೆಗೂ ಮುಂದುವರಿಯಿತು. 2025ರಲ್ಲಿ ಸುಝುಕಾದ ತವರು ರೇಸಿಗೆ ಸರಿಯಾಗಿ ತ್ಸುನೋಡಾಗೆ ರೆಡ್‌ಬುಲ್ ಮುಖ್ಯ ತಂಡಕ್ಕೆ ಬಡ್ತಿ ಸಿಕ್ಕಿತು. ಸೀಸನ್ ಕಷ್ಟದ್ದಾಯಿತು. ವರ್ಷದ ಕೊನೆಗೆ ರೇಸ್ ಸೀಟು ಹೋಯಿತು, 2026ಕ್ಕೆ ಮೀಸಲು ಚಾಲಕನ ಜಾಗ ಉಳಿಯಿತು. ಅದೇ 2026ಕ್ಕೆ ಹೋಂಡಾ ರೆಡ್‌ಬುಲ್ ಬಿಟ್ಟು ಆಸ್ಟನ್ ಮಾರ್ಟಿನ್ ಜೊತೆ ಸೇರಿತು.

ಸೀಟು ಹೋಗಲು ಟ್ರ್ಯಾಕ್ ಮೇಲಿನ ಫಲಿತಾಂಶವೂ ಕಾರಣ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2018ರಲ್ಲಿ ಒಪ್ಪಂದ ಕುದುರಿದ ವರ್ಷವೇ ಎಫ್4 ಹುಡುಗನಿಗೆ ದಾರಿ ತೆರೆಯಿತು. ಒಪ್ಪಂದ ಮುಗಿದ ವರ್ಷವೇ ಅವನ ರೇಸ್ ಸೀಟೂ ಮುಗಿಯಿತು.

ಎಫ್4 ಈಗಲೂ ನಡೆಯುತ್ತಿದೆ, ಪ್ರತಿ ವರ್ಷ ಒಬ್ಬ ಹೊಸ ಚಾಂಪಿಯನ್ ಬರ್ತಾನೆ. ಮುಂದಿನ ಬಾರಿ ಫಲಿತಾಂಶದ ಪಟ್ಟಿ ನೋಡುವಾಗ ಹುಡುಗರ ಹೆಸರಿನ ಪಕ್ಕದಲ್ಲಿ ಯಾವ ಕಂಪನಿಯ ಹೆಸರಿದೆ, ಆ ಕಂಪನಿ ಆ ವರ್ಷ ಎಫ್1ನಲ್ಲಿ ಯಾರ ಜೊತೆ ಮಾತುಕತೆಯಲ್ಲಿದೆ ಅನ್ನೋದನ್ನೂ ನೋಡಿ. ಯಾರು ಮೇಲೆ ಹೋಗಬಹುದು ಅಂತ ಅಂಕಪಟ್ಟಿ ಅರ್ಧ ಹೇಳುತ್ತೆ. ಉಳಿದರ್ಧ ಅಲ್ಲಿದೆ.